ಅರ್ಬುದರೋಗಕ್ಕೆ ಜೋಡು ಚಿಕಿತ್ಸೆ

ನಮ್ಮ ಪಾಠಶಾಲೆಯಲ್ಲಿ ಕಲಿತು ಹೋದ ಸಹೋದರಿಯರಲ್ಲಿ ಅನೇಕರು ಈಗ ತಾಯಂದಿರಾಗಿದ್ದಾರೆ. ಕೂಸಿನ ಎಡತೋಳಿಗೆ ಬಿ.ಸಿ.ಜಿ. ಲಸಿಕೆಯನ್ನು ಹಾಕಿಸುವುದು ಅವರಿಗೆ ಹೊಸ ಸಂಗತಿಯಲ್ಲ. ಕ್ಷಯವನ್ನು ತಡೆಯುವುದಕ್ಕೋಸ್ಕರ 1921ರಲ್ಲಿ ಫ್ರಾನ್ಸ್ ದೇಶದಲ್ಲಿ ಮೊದಲು ಉಪಯೋಗಿಸಲ್ಪಟ್ಟ ಈ ಲಸಿಕೆಗೂ ಅರ್ಬುದವೆಂಬ, ಅಂದರೆ ಕ್ಯಾನ್ಸರ್ ಎಂಬ, ಭಯಂಕರ ವ್ಯಾಧಿಗೂ ಸಂಬಂಧವೇನೆಂದು ಯಾರಾದರೂ ಕೇಳಬಹುದು. ಆ ಸಂಬಂಧವನ್ನು ತೋರಿಸಿಕೊಟ್ಟವು ಪ್ರಯೋಗಶಾಲೆಯ ಇಲಿಗಳು. ಮನೆಯಲ್ಲಿ ಒಬ್ಬರು ಈ ವ್ಯಾಧಿಗೆ ತುತ್ತಾದಾಗ “ಇಲಿಗಳಿಗೆ ಗುಣವಾಯಿತಂತೆ” ಎಂಬ ವಾರ್ತೆಯು ನಮ್ಮ ಕಿವಿಗೆ ಬೀಳುವುದುಂಟು. ಅದನ್ನು ಎಷ್ಟರ ಮಟ್ಟಿಗೆ ನಂಬಬೇಕೆಂದು ತಿಳಿಯುವುದು ಅವಶ್ಯ.

ಶರೀರದ ಜೀವಕಣಗಳು ಕ್ರಮತಪ್ಪಿ, ಮಿತಿಯಿಲ್ಲದೆ ವೃದ್ಧಿಯಾಗುವುದೇ ಅರ್ಬುದ. ಅವುಗಳನ್ನು ಔಷಧದಿಂದ ಕೊಲ್ಲುವುದಕ್ಕೆ ಕೀಮೋಥೆರಪಿ ಎನ್ನುವರು. ಅಮೇರಿಕದ ಬರ್ಮಿಂಗ್‌ಹ್ಯಾಮ್ ಪಟ್ಟಣದಲ್ಲಿ ಹೊವರ್ಡ್ ಸ್ಕಿಪ್ಪರ್ ಎಂಬ ಪಂಡಿತರು ಎಲ್ 1210 ಎಂಬ ರಕ್ತದ ಅರ್ಬುದವನ್ನು ಇಲಿಗಳಲ್ಲಿ ಪರೀಕ್ಷಿಸಿ, 1964ರಲ್ಲಿ ಒಂದು ನಿಯಮವನ್ನು ಪ್ರಕಟಿಸಿದರು. ಅದೇನೆಂದರೆ, ಔಷಧದ ಒಂದು ಪ್ರಮಾಣವು ಕಣಗಳ ಇಂತಿಷ್ಟು ಸಂಖ್ಯೆಯನ್ನಲ್ಲ, ಇಂತಿಷ್ಟು ಪಾಲನ್ನು ನಾಶಪಡಿಸುವುದು. ಸಾವಿರದಲ್ಲಿ 999 ಕಣಗಳು ಸಾಯುವುದಾದರೆ, 100 ಕೋಟಿಯು ಹತ್ತು ಲಕ್ಷಕ್ಕೆ ಇಳಿಯುವುದು. ಮತ್ತೊಮ್ಮೆ ಕೊಟ್ಟರೆ ಒಂದು ಸಾವಿರ ಉಳಿಯುವುದು. ಆದರೆ ಈ ರೋಗದಲ್ಲಿ ಒಂದೇ ಒಂದು ಕಣವು ಉಳಿದರೂ ಅದು ಹೆಚ್ಚಿ ಇಲಿಯನ್ನು ಕೊಲ್ಲಬಲ್ಲದು. ಔಷಧವನ್ನು ಮಿತಿಮೀರಿ ಕೊಟ್ಟರೋ ಔಷಧವೇ ಅದನ್ನು ಕೊಲ್ಲುವುದು.

ಇನ್ನೊಂದು ಉಪಾಯವು ದೇಹದ ಸ್ವಂತ ಸೈನ್ಯವಾದ ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವುದು. ಬಿ.ಸಿ.ಜಿ. ಕೊಡಲ್ಪಟ್ಟ ಇಲಿಗಳು ಅರ್ಬುದದ ಬೆಳವಣಿಗೆಯನ್ನು ಎದುರಿಸುವುವೆಂದು 1959ರಲ್ಲಿ ಲಾಯ್ಡ್ ಓಲ್ಡ್ ಎಂಬವರೂ ಅವರ ಸಂಗಡಿಗರೂ ತಿಳಿಸಿದರು. ಫ್ರಾನ್ಸಿನ ಜಾರ್ಜ್ ಮಾತೆ ಎಂಬ ವೈದ್ಯರು ಈ ಶಕ್ತಿಗೂ ಮೇರೆಯುಂಟೆಂದು ಇಲಿಗಳಲ್ಲಿಯೇ ಕಂಡರು. ರೋಗದ ಕಣಗಳು ಸುಮಾರು ಒಂದು ಲಕ್ಷವನ್ನು ಮೀರಿದರೆ ಆ ಸೈನ್ಯವು ಸೋಲುವುದು. ಹೀಗಿರಲಾಗಿ ಎರಡನ್ನೂ ಕೂಡಿಸುವುದೇ ದಾರಿಯಾಯಿತು. ನಾವು ಅಕ್ಕಿಯನ್ನು ಮೊರದಲ್ಲಿ ಕೇರಿ ಹೊಟ್ಟನ್ನು ಹಾರಿಸಿ, ಉಳಿದ ನೆಲ್ಲನ್ನು ಬೆರಳಿನಿಂದ ಆರಿಸುವುದಿಲ್ಲವೇ? ಔಷಧವು ಮೊರ, ನಿರೋಧಕ ಶಕ್ತಿಯು ಬೆರಳು.

ಆದರೆ ಇಲ್ಲಿ ಒಂದು ತೊಡಕುಂಟು. ಔಷಧವು ಬೇಗನೆ ವೃದ್ಧಿಯಾಗುವ ಬಿಳಿಯ ರಕ್ತಕಣಗಳನ್ನೂ ಕೊಲ್ಲುವುದರಿಂದ ಸೈನ್ಯವೇ ಕುಂದುವುದು. ಆದಕಾರಣ ಯಾವುದನ್ನು ಮೊದಲು, ಎಷ್ಟು ದಿವಸಗಳ ಅಂತರದಲ್ಲಿ ಕೊಡಬೇಕೆಂಬುದು ಮುಖ್ಯವಾದ ವಿಷಯ. ಆಶ್ಚರ್ಯವೇನೆಂದರೆ, ಕೆಲವು ಸಾರಿ ಈ ಹಾನಿಯೇ ಉಪಕಾರವಾಗುವುದು. ಅಮೇರಿಕದ ರಾಬರ್ಟ್ ನಾರ್ತ್ ಎಂಬವರು ಬೆಳೆದ ಗಡ್ಡೆಯುಳ್ಳ ಇಲಿಗಳಿಗೆ ಸೈಕ್ಲೋಫಾಸ್ಫಮೈಡ್ ಔಷಧವನ್ನು ಮಾತ್ರ ಕೊಟ್ಟಾಗ ಗಡ್ಡೆಯು ಸ್ವಲ್ಪ ಕಾಲ ತಡೆಯಿತು, ಅಷ್ಟೇ. ಆ ಗಡ್ಡೆಯನ್ನು ಗೆದ್ದಿದ್ದ ಬೇರೆ ಇಲಿಗಳ ನಿರೋಧಕ ಕಣಗಳನ್ನು ಮಾತ್ರ ಕೊಟ್ಟಾಗ ಏನೂ ಆಗಲಿಲ್ಲ. ಎರಡನ್ನೂ ಕೊಟ್ಟಾಗಲೋ ಗಡ್ಡೆಯು ಕರಗಿಹೋಯಿತು. ಸೈನ್ಯವನ್ನು ಕಟ್ಟಿಹಾಕುವ ಒಂದು ಬಗೆಯ ಕಣಗಳನ್ನು ಗಡ್ಡೆಯು ಎಬ್ಬಿಸಿರುವುದೆಂದೂ, ಔಷಧವು ಅವುಗಳನ್ನು ಕೊಂದು ಕಟ್ಟನ್ನು ಬಿಚ್ಚುವುದೆಂದೂ ಅವರು 1982ರಲ್ಲಿ ವಿವರಿಸಿದರು.

ಮನುಷ್ಯರಲ್ಲಿ ಏನಾಯಿತು? ಮಾತೆಯವರು ಔಷಧದಿಂದ ರಕ್ತದ ಅರ್ಬುದವು ಅಡಗಿದ್ದ 30 ಮಂದಿ ರೋಗಿಗಳನ್ನು ಪರೀಕ್ಷಿಸಿ 1969ರಲ್ಲಿ ಫಲವನ್ನು ಪ್ರಕಟಿಸಿದರು. ನಿರೋಧಕ ಚಿಕಿತ್ಸೆ ಹೊಂದದ 10 ಮಂದಿಗೂ 130 ದಿವಸಗಳೊಳಗೆ ರೋಗವು ಮರುಕಳಿಸಿತು; ಹೊಂದಿದ 20 ಮಂದಿಯಲ್ಲಿ ಕೆಲವರು ಬಹುಕಾಲ ಸುಖವಾಗಿದ್ದರು. ಎಷ್ಟೋ ಮನೆಗಳಲ್ಲಿ ಆಶೆಯು ಚಿಗುರಿತು. ಆದರೆ 1971ರಲ್ಲಿ ಬ್ರಿಟನಿನಲ್ಲಿ ಹೆಚ್ಚು ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿ ಬಿ.ಸಿ.ಜಿ.ಯಿಂದ ಅಂಥ ಪ್ರಯೋಜನವು ಕಾಣಲಿಲ್ಲ. ಇಲಿಯ ರೋಗವು ತಿಳಿದ ದಿವಸದಲ್ಲಿ ನಮ್ಮ ಕೈಯಿಂದಲೇ ಬಿತ್ತಲ್ಪಟ್ಟದ್ದು. ಮನುಷ್ಯನ ರೋಗವು ಅನೇಕ ವೇಳೆ ವರ್ಷಗಟ್ಟಲೆ ಮರೆಯಲ್ಲಿ ಬೆಳೆದದ್ದು.

ಆದಾಗ್ಯೂ ಇಲಿಗಳು ಕಲಿಸಿದ ಪಾಠವು ವ್ಯರ್ಥವಾಗಲಿಲ್ಲ. ಮೂತ್ರಕೋಶದ ಮೇಲ್ಪದರದ ಗಡ್ಡೆಗಳಿಗೆ ಬಿ.ಸಿ.ಜಿ.ಯಿಂದ ಗುಣವುಂಟೆಂದು ಕೆನಡದ ಆಲ್ವಾರೊ ಮೊರಾಲೆಸ್ ಎಂಬ ವೈದ್ಯರು 1976ರಲ್ಲಿ ತೋರಿಸಿದರು. ಕಾಣುವ ಗಡ್ಡೆಯನ್ನು ಮೊದಲು ಶಸ್ತ್ರದಿಂದ ತೆಗೆದು, ಬಳಿಕ ಲಸಿಕೆಯನ್ನು ಮೂತ್ರಕೋಶದೊಳಕ್ಕೆ ಬಿಡುವ ಈ ಕ್ರಮವು ಇಂದಿಗೂ ಬಳಕೆಯಲ್ಲಿದೆ. ಶ್ವಾಸಕೋಶದ ಒಂದು ಜಾತಿಯ ಅರ್ಬುದದಲ್ಲಿ ಕೀಮೋಥೆರಪಿಯ ಸಂಗಡ ಪೆಂಬ್ರೊಲಿಜುಮ್ಯಾಬ್ ಎಂಬ ನಿರೋಧಕ ಔಷಧವನ್ನು ಹೊಂದಿದವರು ಹೆಚ್ಚು ಕಾಲ ಬದುಕಿದರೆಂದು 2018ರಲ್ಲಿ ಪ್ರಕಟವಾಯಿತು.

ಕೂಸಿಗೆ ಹಾಕಿಸಿದ ಬಿ.ಸಿ.ಜಿ.ಯು ಅರ್ಬುದಕ್ಕೆ ರಕ್ಷೆಯೆಂದು ಯಾರೂ ಇದರಿಂದ ಭಾವಿಸಬಾರದು. ಹೊಸ ಚಿಕಿತ್ಸೆಯ ವಾರ್ತೆ ಬಂದಾಗ ಮೂರು ಪ್ರಶ್ನೆಗಳನ್ನು ಕೇಳೋಣ. ಇಲಿಯ ಗಡ್ಡೆಯು ಎಷ್ಟು ಚಿಕ್ಕದಾಗಿತ್ತು? ಯಾವುದನ್ನು ಮೊದಲು ಕೊಟ್ಟರು? ಅದನ್ನು ಹೊಂದಿದ ಮನುಷ್ಯರನ್ನು ಹೊಂದದವರೊಂದಿಗೆ ಹೋಲಿಸಿ ನೋಡಿದರೇ? ಉತ್ತರವು ದೊರೆಯುವ ತನಕ, ನಡೆಯುತ್ತಿರುವ ಚಿಕಿತ್ಸೆಯನ್ನು ಬಿಡದಿರುವುದೂ, ಮೈಯಲ್ಲಿ ಗಂಟು ಕಂಡಾಗ ನಾಚಿಕೊಂಡು ಬಚ್ಚಿಡದೆ ವೈದ್ಯರಿಗೆ ತೋರಿಸುವುದೂ ವಿವೇಕ. ಯಾಕಂದರೆ ಶತ್ರುವು ಸ್ವಲ್ಪವಾಗಿರುವಾಗಲೇ ಗೆಲ್ಲುವುದು ಸುಲಭ.