ನಡುನೋವಿಗೆ ದೂರದಿಂದ ವ್ಯಾಯಾಮ ಚಿಕಿತ್ಸೆ

ವಿಜಯಪುರ ಸೀಮೆಯಲ್ಲಿ ಹಿಂಗಾರಿ ಬಿಳಿಜೋಳವನ್ನು ಬೇರುಸಹಿತ ಕೀಳುವ ವಾಡಿಕೆಯುಂಟು. ದಿನವೆಲ್ಲ ಬಾಗಿ, ಬಿಗಿದ ನೆಲದಿಂದ ದಂಟನ್ನು ಜಗ್ಗುವಾಗಲೂ, ಇಂಡಿ ಕಡೆಯ ತೋಟಗಳಲ್ಲಿ ನಿಂಬೆಯ ಚೀಲಗಳನ್ನು ಗಾಡಿಗೇರಿಸುವಾಗಲೂ ನಡು ಹಿಡಿಯುವುದು ಅಪರೂಪವಲ್ಲ. ಎತ್ತಿನ ಹೆಗಲು ಬಾತರೆ ಒಡೆಯನು ಅಂದೇ ನೊಗ ಇಳಿಸುತ್ತಾನೆ. ಆಳಿನ ನಡುವಿನ ವಿಷಯದಲ್ಲಿ ಅಷ್ಟು ಎಚ್ಚರ ಕಾಣಬರುವುದಿಲ್ಲ.

ಇಂಥ ಪೆಟ್ಟು ಬಹುಮಟ್ಟಿಗೆ ಸ್ನಾಯುಗಳ ಉಳುಕಾಗಿದ್ದು ಕೆಲವು ವಾರಗಳಲ್ಲಿ ಗುಣವಾಗತಕ್ಕದ್ದು. ಅದನ್ನು ಕೆಡಿಸುವ ತಪ್ಪುಗಳು ಎರಡು: ತಿಂಗಳುಗಟ್ಟಲೆ ಹಾಸಿಗೆ ಹಿಡಿಯುವುದು, ಇಲ್ಲವೆ ಮೂರನೆಯ ದಿನವೇ ಹೊರೆ ಹೊರುವುದು. ಇವೆರಡರ ನಡುವಣ ದಾರಿಯನ್ನು ತೋರಿಸುವವನೇ ಫಿಜಿಯೋಥೆರಪಿಸ್ಟನು. ಆದರೆ ನೊಂದವನನ್ನು ವಾರಕ್ಕೆರಡು ಸಲ ಬಸ್ಸಿನಲ್ಲಿ ಕುಲುಕಿಸಿ ಪಟ್ಟಣಕ್ಕೆ ಒಯ್ದರೆ ದಿನಗೂಲಿಯೂ ಹೋಗುವುದು, ನೋವೂ ಹೆಚ್ಚುವುದು. ಆದಕಾರಣ ಮೊಬೈಲ್ ಫೋನಿನ ವಿಡಿಯೋ ಮೂಲಕ ನಡೆಯುವ ಚಿಕಿತ್ಸೆಯು ನಮ್ಮ ಗ್ರಾಮಗಳಿಗೆ ತಕ್ಕುದಾಗಿದೆ. ಆಸ್ಟ್ರೇಲಿಯದಲ್ಲಿ ಬಹುಕಾಲದ ಮೊಣಕಾಲು ನೋವಿನವರನ್ನು ಕುರಿತು ನಡೆಸಿ 2024ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ವಿಡಿಯೋ ಚಿಕಿತ್ಸೆಯು ಎದುರಿನ ಚಿಕಿತ್ಸೆಗಿಂತ ಕಡಿಮೆಯದಲ್ಲವೆಂದು ಕಂಡುಬಂದಿತು. ಸಾಲೋಟಗಿಯಲ್ಲಿ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಶಾಸನವು ದೂರದೇಶಗಳಿಂದ ಬರುತ್ತಿದ್ದ ವಿದ್ಯಾರ್ಥಿಗಳ ವಸತಿಗಾಗಿ 27 ನಿವೇಶನಗಳನ್ನು ಬಿಟ್ಟುದನ್ನು ಹೇಳುತ್ತದೆ. ಅಂದು ಕಲಿಯುವವನು ಗುರುವಿದ್ದಲ್ಲಿಗೆ ನಡೆದು ಬರಬೇಕಾಗಿತ್ತು.

ಮೊದಲು ವೈದ್ಯರಿಗೆ ತೋರಿಸಿಯೇ ಇದನ್ನು ಆರಂಭಿಸಬೇಕು. ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಇ-ಸಂಜೀವನಿಯ ಮೂಲಕ ದೂರದ ವೈದ್ಯರ ಸಲಹೆಯನ್ನು ಪುಕ್ಕಟೆಯಾಗಿ ಪಡೆಯಬಹುದು. ಬಿದ್ದು ಪೆಟ್ಟಾಗಿದ್ದರೆ, ಜ್ವರವಿದ್ದರೆ, ಕಾಲಿನ ಬಲ ಕುಂದಿದರೆ, ತೊಡೆಸಂದು ಜೋಮು ಹಿಡಿದರೆ ಅಥವಾ ಮಲಮೂತ್ರದ ಹತೋಟಿ ತಪ್ಪಿದರೆ ಫೋನನ್ನು ನಂಬಿ ಕೂಡ್ರಕೂಡದು. ಆಸ್ಪತ್ರೆಗೆ ಕೂಡಲೆ ಸಾಗಿಸತಕ್ಕದ್ದು. ಕಡೆಯ ಎರಡು ಲಕ್ಷಣಗಳಲ್ಲಿ ಕೆಲವು ಗಂಟೆಗಳ ತಡವೂ ಜೀವಮಾನದ ಅಂಗವಿಕಲತೆಗೆ ಕಾರಣವಾದೀತು.

ಫೋನನ್ನು ಕೈಯಲ್ಲಿ ಹಿಡಿಯದೆ ಸೊಂಟದೆತ್ತರದಲ್ಲಿ ಅಡ್ಡಲಾಗಿ ಒರಗಿಸಿ, ಏಳೆಂಟು ಅಡಿ ದೂರ ನಿಂತರೆ ಮೈಯೆಲ್ಲ ಕಾಣುವುದು. ಬೆಳಕು ಎದುರಿನಿಂದ ಬೀಳಬೇಕು. ಮೊದಲ ದಿನ ಮನೆಯವರೊಬ್ಬರು ಹತ್ತಿರವಿರಲಿ. ನೋಡುವವನು ಬಾಗಿಸಿ, ನಡೆಯಿಸಿ, ನೋವೆಲ್ಲಿಗೆ ಇಳಿಯುವುದೆಂದು ವಿಚಾರಿಸುವನು. ಬಳಿಕ ಮೊಣಕಾಲನ್ನು ಎದೆಗೆ ಎಳೆಯುವುದು, ಬೋರಲು ಮಲಗಿ ಮೊಣಕೈಯ ಮೇಲೆ ಏಳುವುದು ಮುಂತಾದವುಗಳಲ್ಲಿ ಅವನಿಗೆ ಹೊಂದುವುದನ್ನು ಕಲಿಸುವನು. ಎಲ್ಲರಿಗೂ ಒಂದೇ ಸಾಧನೆ ಹೊಂದದು. ನೆರೆಯವನಿಗೆ ಹೇಳಿಕೊಟ್ಟುದನ್ನು ನೋಡಿ ಮಾಡುವುದು ಸಲ್ಲದು. ಕಾಲಿನ ನೋವು ಹಿಂದೆಸರಿದು ನಡುವಿನಲ್ಲಿ ಕೂಡುತ್ತಿದ್ದರೆ ಒಳ್ಳೆಯ ಸೂಚನೆ. ಮೀನಖಂಡದತ್ತ ಇಳಿಯುತ್ತಿದ್ದರೆ ಸಾಧನೆಯನ್ನು ನಿಲ್ಲಿಸಿ ತಿಳಿಸಬೇಕು.

ಊರ ಹಿರಿಯರಿಂದ ಆಗಬೇಕಾದುದು ಸ್ವಲ್ಪವೇ. ಫೋನಿಲ್ಲದವನಿಗೆ ಪಂಚಾಯಿತಿಯ ಒಂದು ಕೋಣೆಯೂ ಅರ್ಧ ಗಂಟೆಯ ಏಕಾಂತವೂ ದೊರೆಯಲಿ. ಹೆಣ್ಣಾಳುಗಳಿಗೆ ಇದು ವಿಶೇಷವಾಗಿ ಅವಶ್ಯ. ಭೂಮಾಲೀಕರು ಕೂಲಿ ಮುರಿಯದೆ ಹಣ್ಣು ಆರಿಸುವ, ನೀರು ತಿರುಗಿಸುವ ಹಗುರ ಕೆಲಸ ಕೊಟ್ಟರೆ ಆಳು ನೋವನ್ನು ಮುಚ್ಚಿಡುವುದಿಲ್ಲ. ಹೊರೆಯನ್ನು ಕಾಲುಚೀಲದಿಂದ ಆರಂಭಿಸಿ, ಚಿಕಿತ್ಸಕನನ್ನು ಕೇಳಿಯೇ ಹೆಚ್ಚಿಸತಕ್ಕದ್ದು.