ಪಟ್ಟಿ ಕೇಳುವವರಿಗೆ

ಏಪ್ರಿಲ್ ಬಂತೆಂದರೆ ಫೋನುಗಳು ಶುರುವಾಗುತ್ತವೆ. "ಮಗಳಿಗೆ ಹನ್ನೆರಡು ತುಂಬಿತು, ರಜಕ್ಕೆ ಓದೋಕೆ ಒಂದು ಹತ್ತು ಪುಸ್ತಕದ ಪಟ್ಟಿ ಕಳಿಸಿಬಿಡಿ." ಆಕೆ ಯಾವುದಕ್ಕೆ ನಗುತ್ತಾಳೆ, ಯಾವ ಪುಸ್ತಕವನ್ನು ಅರ್ಧಕ್ಕೇ ಎಸೆದಿದ್ದಾಳೆ ಎಂದು ತಿರುಗಿ ಕೇಳಿದರೆ ಆ ಕಡೆ ಸದ್ದಿಲ್ಲ.

ವಯಸ್ಸು ತಿಳಿದರೆ ಪುಸ್ತಕ ತಿಳಿದಂತೆ ಎಂಬುದು ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದ ತಪ್ಪು ಕಲ್ಪನೆ. 2008ರಲ್ಲಿ ಬ್ರಿಟನ್ನಿನ ಪ್ರಕಾಶಕರು ಮಕ್ಕಳ ಪುಸ್ತಕಗಳ ಮೇಲೆ ವಯಸ್ಸು ಅಚ್ಚು ಹಾಕಲು ಹೊರಟಾಗ ಎದುರು ನಿಂತವರು ಮಕ್ಕಳ ಲೇಖಕರೇ. ಫಿಲಿಪ್ ಪುಲ್‌ಮನ್ ಅವರಲ್ಲಿ ಮುಂದಾಳು. ಓದು ಸ್ವಲ್ಪ ನಿಧಾನವಿರುವ ಹನ್ನೆರಡರ ಹುಡುಗ '8+' ಎಂದು ಬರೆದ ಪುಸ್ತಕವನ್ನು ಗೆಳೆಯರೆದುರು ತೆರೆದಾನೆಯೇ? ಇತ್ತ ತೇಜಸ್ವಿಯವರ 'ಕರ್ವಾಲೊ' (1980) ಮಕ್ಕಳಿಗೆಂದು ಬರೆದದ್ದಲ್ಲ. ಆದರೂ ಹಾರುವ ಓತಿಯ ಬೆನ್ನುಹತ್ತಿ ಕಾಡಿಗೆ ನುಗ್ಗುವ ಆ ತಂಡದ ಹಿಂದೆ ಎಂಟನೇ ತರಗತಿಯವರೂ ಹೋಗುತ್ತಾರೆ. ವಿಕಾಸವಾದದ ಮಾತು ಭಾರವೆನಿಸಿದಲ್ಲಿ ಪುಟ ಹಾರಿಸುತ್ತಾರೆ, ಅಷ್ಟೆ. ಹಾರಿಸಲಿ! ಫ್ರಾನ್ಸಿನ ಮೇಷ್ಟ್ರೂ ಕಾದಂಬರಿಕಾರರೂ ಆದ ಡೇನಿಯಲ್ ಪೆನ್ನಾಕ್ 1992ರಲ್ಲಿ ಓದುಗರಿಗೆ ಹತ್ತು ಹಕ್ಕುಗಳಿವೆ ಎಂದು ಬರೆದರು. ಪುಟ ಹಾರಿಸುವುದು, ಅರ್ಧಕ್ಕೇ ಬಿಡುವುದು, ಓದಿದ್ದನ್ನೇ ಮತ್ತೆ ಓದುವುದು ಎಲ್ಲವೂ ಅದರಲ್ಲಿವೆ. ದುಡ್ಡು ಕೊಟ್ಟು ತಂದ ಅಪ್ಪ ಅಮ್ಮಂದಿರಿಗೆ ಎರಡನೆಯದು ನುಂಗಲಾರದ ತುತ್ತು ಎಂಬುದು ನನಗೂ ಗೊತ್ತು.

"ಚಿತ್ರಕಥೆ ಓದಿದರೆ ಅದೇನು ಓದೇ?" ಎನ್ನುವವರಿಗೆ ಒಂದೇ ಮಾತು: ತಂದೆ ನಾಜಿ ಶಿಬಿರದಲ್ಲಿ ಪಟ್ಟ ಪಾಡನ್ನು ಇಲಿ ಬೆಕ್ಕುಗಳ ಚಿತ್ರಗಳಲ್ಲಿ ಹೇಳಿದ ಆರ್ಟ್ ಸ್ಪೀಗೆಲ್‌ಮನ್‌ರ 'ಮೌಸ್'ಗೆ 1992ರಲ್ಲಿ ವಿಶೇಷ ಪುಲಿಟ್ಜರ್ ಬಂತು.

ಓದಲು ಕಲಿತ ಮೇಲೆ ಓದಿ ಹೇಳುವುದು ಮುದ್ದಿನ ಅತಿರೇಕ ಎಂಬ ನಂಬಿಕೆ ಇದಕ್ಕಿಂತ ಹೆಚ್ಚು ಹಾನಿ ಮಾಡಿದೆ. ಬೆಂಗಳೂರಿನ ಇಂಗ್ಲಿಷ್ ಮಾಧ್ಯಮದ ಹುಡುಗನನ್ನೇ ನೋಡಿ. ಕನ್ನಡದಲ್ಲಿ ಜಗಳ ಆಡುತ್ತಾನೆ, ಜೋಕು ಹೊಡೆಯುತ್ತಾನೆ. ಪುಸ್ತಕ ಕೊಟ್ಟರೆ ಮಾತ್ರ ಒತ್ತಕ್ಷರದ ಬಳಿ ಎಡವಿ, ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾನೆ. ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಅದರ ತಲೆ ಮರೆತಿರುತ್ತದೆ. ನಾವೋ, "ಇವನಿಗೆ ಕನ್ನಡ ಬರಲ್ಲ" ಎಂದು ತೀರ್ಪು ಕೊಟ್ಟು ಒಂದನೇ ತರಗತಿಯ ಮೊಲ ಆಮೆ ಕತೆ ತಂದಿಡುತ್ತೇವೆ. ಅವನ ಕಿವಿ ಅವನ ಕಣ್ಣಿಗಿಂತ ವರ್ಷಗಟ್ಟಲೆ ಮುಂದಿದೆ. ಅವನಿಗೆ ಬೇಕಾದದ್ದು ವಯಸ್ಸಿಗೆ ತಕ್ಕ ಕತೆ, ಜೊತೆಗೆ ಮೊದಲ ನಾಲ್ಕು ಅಧ್ಯಾಯ ಓದಿ ಹೇಳುವವರು. ಕುತೂಹಲ ಕೆರಳಿದ ಜಾಗದಲ್ಲಿ ಪುಸ್ತಕ ಮುಚ್ಚಿ ಅಡುಗೆಮನೆಗೆ ಹೋಗಿಬಿಡಿ. ಅಷ್ಟಕ್ಕೂ ಗಮಕಿಗಳು ಕುಮಾರವ್ಯಾಸನನ್ನು ವಾಚಿಸುವಾಗ ಕುಳಿತು ಕೇಳಿದ ಹಿರಿಯರೆಲ್ಲ ಅಕ್ಷರ ಬಾರದವರೇನಲ್ಲ.

ಕನ್ನಡದಲ್ಲಿ ಮಕ್ಕಳಿಗೆ ಪುಸ್ತಕವೇ ಇಲ್ಲ ಎಂಬುದು ಅರ್ಧ ಸುಳ್ಳು. ಕಾರಂತರ 'ಬಾಲ ಪ್ರಪಂಚ' ಸ್ವಾತಂತ್ರ್ಯಕ್ಕೂ ಹಿಂದಿನದು. ರಾಷ್ಟ್ರೋತ್ಥಾನದ 'ಭಾರತ-ಭಾರತಿ' ಮಾಲೆಯಲ್ಲಿ ಕಿಸೆಗೆ ಹಿಡಿಸುವಂಥ ಐನೂರಕ್ಕೂ ಹೆಚ್ಚು ಪುಸ್ತಕಗಳಿವೆ. ಉಳಿದರ್ಧ ನಿಜ: ಮೊಬೈಲು, ಟ್ಯೂಷನ್ನು, ಮೊದಲ ಮುನಿಸುಗಳ ನಡುವಿನ ಹದಿನೈದರ ಹರೆಯಕ್ಕೆ ಅದರ ಇಂದಿನ ಬದುಕನ್ನೇ ತೋರುವ ಕಾದಂಬರಿ ನಮ್ಮಲ್ಲಿ ತೀರಾ ಕಡಿಮೆ.

ಗಣಿತದ ಮೇಷ್ಟ್ರಾಗಿದ್ದು ಗ್ರಂಥಪಾಲಕರಾದ ಎಸ್.ಆರ್. ರಂಗನಾಥನ್ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದವರು. 1931ರಲ್ಲಿ ಅವರು ಗ್ರಂಥಾಲಯಕ್ಕೆ ಐದು ಸೂತ್ರ ಕೊಟ್ಟರು. ಪ್ರತಿ ಓದುಗನಿಗೂ ಅವನದೊಂದು ಪುಸ್ತಕ ಉಂಟು ಎಂಬುದು ಒಂದು. ಅದರ ಮಗ್ಗುಲಲ್ಲೇ ಇರುವುದನ್ನು ನಾವು ಮರೆತಿದ್ದೇವೆ: ಪ್ರತಿ ಪುಸ್ತಕಕ್ಕೂ ಅದರ ಓದುಗ ಉಂಟು. ಒಳ್ಳೆಯ ಪುಸ್ತಕವೆಂದರೆ ಎಲ್ಲ ಮಕ್ಕಳಿಗೂ ಒಳ್ಳೆಯದು ಎಂದುಕೊಂಡು ಪಟ್ಟಿ ಹಂಚುವವರು ಇದರ ಮುಂದೆ ಕೊಂಚ ನಿಲ್ಲಬೇಕು. ನಾನೂ ಬಹಳ ವರ್ಷ ಹಂಚಿದವಳೇ.

ಈ ಸಲ ಪಟ್ಟಿ ಕಳಿಸಲಿಲ್ಲ, ಫೋನು ಮಗಳ ಕೈಗೆ ಕೊಡಿ ಎಂದೆ. ಸ್ವಲ್ಪ ಹೊತ್ತು ಗುಸುಗುಸು. ಆಮೇಲೆ ಸಣ್ಣ ದನಿ: "ಆಂಟಿ, ನಮ್ಮ ಲೇಔಟಿಗೆ ಚಿರತೆ ಬಂದಿತ್ತು ಅಂತಾರೆ. ಚಿರತೆದು ಯಾವುದಾದ್ರೂ ಇದೆಯಾ?"

ಇತ್ತು. ಕೆನೆತ್ ಆಂಡರ್ಸನ್ ಬರೆದು ತೇಜಸ್ವಿ ಕನ್ನಡಕ್ಕೆ ತಂದ 'ಮುನಿಶಾಮಿ ಮತ್ತು ಮಾಗಡಿ ಚಿರತೆ'.