ತಂಗಳನ್ನದ ಮರ್ಯಾದೆ

ಅಡಿಗೆಯ ವಿಷಯವಾಗಿ ನಾನು ಬರೆಯಹೊರಟಿದ್ದೇನೆಂದು ತಿಳಿದರೆ ನನ್ನನ್ನು ಬಲ್ಲವರು ನಕ್ಕಾರು. ಅರವತ್ತೆಂಟು ವರ್ಷಗಳ ಕಾಲ ನಾನು ಅಡಿಗೆಯ ಮನೆಯ ಹೊಸಿಲನ್ನು ದಾಟಿದ್ದು ನೀರು ಕುಡಿಯುವುದಕ್ಕೆ ಮಾತ್ರ. ಊಟದ ವಿಚಾರದಲ್ಲಿ ನನಗಿದ್ದುದು ಒಂದೇ ಸಿದ್ಧಾಂತ: ಅನ್ನ ಬಿಸಿಯಾಗಿರಬೇಕು. ರಾತ್ರಿಯ ಅನ್ನ ಬೆಳಿಗ್ಗೆ ನನ್ನ ತಟ್ಟೆಯ ಬಳಿ ಸುಳಿಯಕೂಡದು. ಒಗ್ಗರಣೆ ಹಾಕಿ, ನಿಂಬೆಹಣ್ಣು ಹಿಂಡಿ, ಚಿತ್ರಾನ್ನವೆಂಬ ಹೊಸ ಹೆಸರಿಟ್ಟು ತಂದರೂ ನನ್ನ ನಾಲಗೆ ಅದರ ಪೂರ್ವಜನ್ಮವನ್ನು ಕಂಡುಹಿಡಿಯುತ್ತಿದ್ದಿತು. "ಇದು ನಿನ್ನೆಯದಲ್ಲವೆ?" ಎಂದು ನಾನು ಕೇಳುವುದು, "ಇರಿ, ನಿಮಗೆ ಬಿಸಿಯಾಗಿ ಮಾಡ್ತೀನಿ" ಎಂದು ನನ್ನ ಹೆಂಡತಿ ಒಳಗೆ ಹೋಗುವುದು, ಇದು ನಮ್ಮ ಮೈಸೂರಿನ ಮನೆಯಲ್ಲಿ ನಡೆದುಬಂದ ಸಂಪ್ರದಾಯ. ಆ ನಿನ್ನೆಯ ಅನ್ನ ಆಮೇಲೆ ಎಲ್ಲಿಗೆ ಹೋಗುತ್ತಿದ್ದಿತೆಂದು ನಾನು ಎಂದೂ ಕೇಳಿದವನಲ್ಲ.

ಆಕೆ ತೀರಿಕೊಂಡ ಮರುವರ್ಷ ಮಗ ನನ್ನನ್ನು ಮೂರು ತಿಂಗಳ ಮಟ್ಟಿಗೆ ಟೋಕಿಯೋ ನಗರಕ್ಕೆ ಕರೆಸಿಕೊಂಡನು. ಅವನ ಮನೆ ಇರುವುದು ಎಡೊಗಾವಾ ವಿಭಾಗದ ನಿಶಿಕಸಾಯಿಯಲ್ಲಿ. ನಮ್ಮ ದೇಶದವರು ಬಹು ಮಂದಿ ನೆಲೆಸಿರುವ ಬಡಾವಣೆ ಅದು. ತೊಗರಿಬೇಳೆಗೂ ಇಂಗಿಗೂ ಅಲ್ಲಿ ಬರವಿಲ್ಲ. ಮಗ ಸೊಸೆ ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೊರಟರೆ ಹಿಂದಿರುಗುವುದು ದೀಪ ಹಚ್ಚಿದ ಮೇಲೆ. ಅಲ್ಲಿಯವರೆಗೆ ಮನೆಯಲ್ಲಿ ನಾನು ಮತ್ತು ಎಂಟು ವರ್ಷದ ಮೊಮ್ಮಗಳು.

ಒಂದು ಸಂಜೆ ಬಿರುಗಾಳಿ ಎದ್ದಿತು. ರೈಲುಗಳು ನಿಂತಿವೆಯೆಂದೂ ಬರುವುದು ಎಷ್ಟು ಹೊತ್ತಾಗುವುದೋ ತಿಳಿಯದೆಂದೂ ಸೊಸೆ ಫೋನು ಮಾಡಿದಳು. "ಮಾವ, ಅವಳಿಗೆ ಏನಾದರೂ..." ಎಂದು ಆರಂಭಿಸಿ, ಮಾತನಾಡುತ್ತಿರುವುದು ಯಾರೊಡನೆಂಬುದು ನೆನಪಾಗಿರಬೇಕು, ಸುಮ್ಮನಾದಳು. ಆ ಮೌನ ನನ್ನನ್ನು ಚುಚ್ಚಿತು. "ತಾತ, ಹಸಿವು," ಎಂದು ಮಗು ಎದುರಿಗೆ ನಿಂತಿದೆ. ಅರವತ್ತೆಂಟು ವರ್ಷದ ವಿದ್ಯಾವಂತನ ಕೈಯಲ್ಲಿ ಒಂದು ತುತ್ತಿಗೆ ದಾರಿಯಿಲ್ಲ. ತಂಗಳ ಪೆಟ್ಟಿಗೆಯನ್ನು ತೆರೆದರೆ ನಿನ್ನೆಯ ಅನ್ನದ ಒಂದು ಡಬ್ಬಿ, ಕಲ್ಲಿನಂತೆ ಗಟ್ಟಿಯಾಗಿ ಕುಳಿತಿದೆ.

ನನ್ನ ಪೇಚನ್ನು ಕಂಡ ಹುಡುಗಿ ಓಡಿಹೋಗಿ ಪಕ್ಕದ ಮನೆಯ ಅಜ್ಜಿಯನ್ನು ಕರೆತಂದಿತು. ಎಂಬತ್ತರ ಸಮೀಪದ ವೃದ್ಧೆ. ಮಗು ಆಕೆಯನ್ನು ಒಬಾಚಾನ್ ಎನ್ನುವುದು, ನಮ್ಮ ಅಜ್ಜಿ ಎಂದಂತೆಯೇ. ಆಕೆ ಡಬ್ಬಿಯನ್ನು ನೋಡಿ ಮುಖ ಅರಳಿಸಿ, "ಯಾಕಿಮೆಶಿ!" ಎಂದಳು. ಯಾಕಿ ಎಂದರೆ ಕಾದ ಬಾಣಲೆಯಲ್ಲಿ ಹುರಿದದ್ದು. ಮೆಶಿ ಎಂದರೆ ಅನ್ನ, ಊಟವೆಂದೂ ಅರ್ಥ. ಹೋಟೆಲುಗಳಲ್ಲಿ ಇದಕ್ಕೆ ಚಾಹನ್ ಎಂಬ ಹೆಸರೇ ಹೆಚ್ಚು. ಅದು ಚೀಣೀ ಮಾತಿನಿಂದ ಬಂದದ್ದು. 1859ರಲ್ಲಿ ಯೊಕೊಹಾಮಾ ರೇವು ಪರದೇಶಗಳ ವ್ಯಾಪಾರಕ್ಕೆ ತೆರೆದ ಮೇಲೆ ಅಲ್ಲಿ ಬಂದು ನೆಲೆಸಿದ ಚೀಣೀಯರ ಅಡಿಗೆ ಕಾಲಕ್ರಮದಲ್ಲಿ ಜಪಾನೀಯರದೂ ಆಯಿತು.

ಆಕೆ ಮಾಡಿ ತೋರಿಸಿದಳು, ಮೊಮ್ಮಗಳು ದುಭಾಷಿ, ನಾನು ವಿದ್ಯಾರ್ಥಿ. ಮೊದಲ ಪಾಠವೇ ನನ್ನ ಸಿದ್ಧಾಂತವನ್ನು ತಲೆಕೆಳಗು ಮಾಡಿತು. "ಬಿಸಿ ಅನ್ನದಲ್ಲಿ ಇದು ಚೆನ್ನಾಗಿ ಬರೋದಿಲ್ಲವಂತೆ, ತಾತ. ಹಳೆಯದೇ ಬೇಕಂತೆ." ಕಾರಣವನ್ನು ನಾನು ಆಮೇಲೆ ಓದಿ ತಿಳಿದೆನು. ಜಪಾನೀಯರ ಅಕ್ಕಿ ಗಿಡ್ಡ, ದುಂಡು. ಬೆಂದಾಗ ಕಾಳಿಗೆ ಕಾಳು ಅಂಟಿಕೊಳ್ಳುವಂಥದು. ಬಿಸಿಯಾಗಿದ್ದಾಗ ಬಾಣಲೆಗೆ ಹಾಕಿದರೆ ಮುದ್ದೆಯಾದೀತು. ಆರಿ ತಣ್ಣಗಾದಾಗ ಅದರೊಳಗಿನ ಪಿಷ್ಟ ಗಟ್ಟಿಯಾಗುತ್ತದೆ, ಮೇಲಿನ ಪಸೆ ಅಡಗುತ್ತದೆ. ಆಗ ಕಾಳುಗಳು ಬಿಡಿಬಿಡಿಯಾಗಲು ಒಪ್ಪುತ್ತವೆ.

ಇಬ್ಬರಿಗೆ ಎರಡು ಬಟ್ಟಲು ಅನ್ನ. ಆಕೆ ಒದ್ದೆ ಮಾಡಿದ ಬೆರಳುಗಳಿಂದ ಅದರ ಹೆಂಟೆಗಳನ್ನು ಒಡೆದಳು. ಹಸಿರು ಈರುಳ್ಳಿಯನ್ನೂ ಗಜ್ಜರಿಯನ್ನೂ ಎರಡು ಅಣಬೆಗಳನ್ನೂ ಸಣ್ಣಗೆ ಹೆಚ್ಚಿದಳು. ಅವರು ಮಾಂಸವನ್ನು ಸೇರಿಸುವುದುಂಟು; ನಮ್ಮ ಮನೆಯನ್ನು ಬಲ್ಲವಳಾದುದರಿಂದ ಅದನ್ನು ಬಿಟ್ಟಳು. ಎಲ್ಲವನ್ನೂ ಕೈಯಳತೆಯಲ್ಲಿ ಇಟ್ಟುಕೊಂಡ ಮೇಲೆಯೇ ಉರಿ ಹಚ್ಚಿದ್ದು, ಏಕೆಂದರೆ ಆಮೇಲೆ ಹುಡುಕಲು ಸಮಯವಿಲ್ಲ. ಬಾಣಲೆ ಚೆನ್ನಾಗಿ ಕಾಯಬೇಕು. ಎಣ್ಣೆ ಹಾಕಿ, ಗಜ್ಜರಿ ಅಣಬೆಗಳನ್ನು ಬಾಡಿಸಿ ತೆಗೆದಿಟ್ಟು, ಕದಡಿದ ಒಂದು ಮೊಟ್ಟೆಯನ್ನು ಸುರಿದಳು. (ಮಗುವಿಗೆ ಅದು ವರ್ಜ್ಯವಲ್ಲ, ನನ್ನ ಪಾಲನ್ನು ಆಮೇಲೆ ಅದಿಲ್ಲದೆ ಮಾಡಿದಳು.) ಮೊಟ್ಟೆ ಅರೆಗಟ್ಟಿಯಾಗುವ ಮೊದಲೇ ಅನ್ನ ಅದರ ಮೇಲೆ ಬಿದ್ದಿತು. ಸಟ್ಟುಗದಿಂದ ಒತ್ತದೆ, ಕತ್ತರಿಸಿದಂತೆ ಮಾಡಿ ಮಗುಚುತ್ತ ಹೋದಳು. ಉಪ್ಪು, ಬಿಳಿ ಮೆಣಸಿನ ಪುಡಿ, ತೆಗೆದಿಟ್ಟ ತರಕಾರಿ, ಹಸಿರು ಈರುಳ್ಳಿ.

ಕೊನೆಗೆ ಸೋಯಾ ಸಾಸು. ಸೋಯಾ ಅವರೆ, ಗೋಧಿ, ಉಪ್ಪುಗಳನ್ನು ಒಂದು ಬಗೆಯ ಬೂಸಿನ ಸಹಾಯದಿಂದ ತಿಂಗಳುಗಟ್ಟಲೆ ಹುಳಿಯಿಸಿ ಇಳಿಸಿದ ಕಪ್ಪು ರಸ ಅದು. ಆಕೆ ಅದನ್ನು ಅನ್ನದ ಮೇಲೆ ಹಾಕಲಿಲ್ಲ. ಒಂದು ಚಮಚೆಯಷ್ಟನ್ನು ಬಾಣಲೆಯ ಕಾದ ಅಂಚಿನ ಸುತ್ತ ಸುರಿದಳು. ಚೊಂಯ್ ಎಂದಿತು, ಮನೆಯೆಲ್ಲ ಘಮಘಮಿಸಿತು. ಇಂಗಿನ ಒಗ್ಗರಣೆ ಬಿದ್ದಾಗ ನಮ್ಮ ಮನೆಯಲ್ಲಿ ಆಗುತ್ತಿದ್ದುದೂ ಇದೇ ಅಲ್ಲವೆ ಎಂದುಕೊಂಡೆನು. ಹುರಿದ ಎಳ್ಳಿನಿಂದ ತೆಗೆದ ಅವರ ಎಣ್ಣೆಯ ನಾಲ್ಕು ಹನಿಗಳು ಮೇಲಿಂದ. ಉರಿ ಹಚ್ಚಿದ ಮೇಲೆ ಹಿಡಿದದ್ದು ಐದಾರು ನಿಮಿಷ. ಹೆಚ್ಚು ಜನಕ್ಕಾದರೆ ಎರಡು ಸಲ ಮಾಡಬೇಕೇ ಹೊರತು ಬಾಣಲೆಯನ್ನು ತುಂಬಬಾರದು. ತುಂಬಿದರೆ ಕಾವು ಇಳಿದು ಅನ್ನ ಹುರಿಯುವ ಬದಲು ಹಬೆಯಲ್ಲಿ ಮೆತ್ತಗಾಗುವುದು.

ಮಗು ಉಣ್ಣುತ್ತಿದ್ದಾಗ ನಾನು ನನ್ನ ಹಳೆಯ ಸಿದ್ಧಾಂತವನ್ನು ಹಾಸ್ಯವಾಗಿ ಹೇಳಿಕೊಂಡೆನು. ಅಜ್ಜಿ ನಗಲಿಲ್ಲ. ತಂಗಳನ್ನಕ್ಕೆ ತಮ್ಮಲ್ಲಿ ಹಿಯಾಮೆಶಿ ಎನ್ನುತ್ತಾರೆಂದಳು. 'ಹಿಯಾಮೆಶಿ ತಿನ್ನುವುದು' ಎಂದರೆ ತಾತ್ಸಾರಕ್ಕೆ ಗುರಿಯಾಗುವುದೆಂದು ಅರ್ಥವಂತೆ. ಎಡೊ ಕಾಲದಲ್ಲಿ ಆಸ್ತಿಯ ಹಕ್ಕಿಲ್ಲದೆ ಅಣ್ಣನ ಮನೆಯಲ್ಲಿ ಬಿದ್ದಿರುತ್ತಿದ್ದ ಕಿರಿಯ ಮಕ್ಕಳಿಗೆ ತಂಗಳುಣ್ಣುವವರೆಂದೇ ಹೆಸರು. ಆ ಕಾಲದಲ್ಲಿ ಅನ್ನ ಬೇಯಿಸುತ್ತಿದ್ದುದು ದಿನಕ್ಕೊಮ್ಮೆ: ಎಡೊ ನಗರದಲ್ಲಿ ಬೆಳಿಗ್ಗೆ, ಕ್ಯೋತೊ ಓಸಾಕಾಗಳಲ್ಲಿ ಮಧ್ಯಾಹ್ನ. ತಾನಾಗಿ ಅನ್ನ ಮಾಡುವ ವಿದ್ಯುತ್ ಪಾತ್ರೆ ಅಲ್ಲಿ ಮಾರಾಟಕ್ಕೆ ಬಂದದ್ದು 1955ರ ಡಿಸೆಂಬರಿನಲ್ಲಿ. ಅದಕ್ಕೆ ಮುಂಚೆ ನಸುಕಿನಲ್ಲಿ ಎದ್ದು ಒಲೆಯ ಮುಂದೆ ಕೂರುತ್ತಿದ್ದವಳು ಹೆಂಗಸು. ಅಜ್ಜಿ ಇಷ್ಟು ಹೇಳಿ, ಮೊಮ್ಮಗಳ ಕಡೆ ತಿರುಗಿ ಇನ್ನೊಂದು ಮಾತು ಸೇರಿಸಿದಳು. ಹುಡುಗಿ ತುತ್ತು ನುಂಗಿ ಕನ್ನಡಿಸಿತು:

"ಅವರ ಮನೆಯಲ್ಲಿ ಬಿಸೀದು ಅಪ್ಪನಿಗಂತೆ. ತಣ್ಣಗಿನದು ಅಮ್ಮ ತಿಂತಿದ್ದರಂತೆ. ನಿಮ್ಮ ಮನೇಲಿ ಯಾರು ತಿಂತಿದ್ದರು ಅಂತ ಕೇಳ್ತಾರೆ, ತಾತ."

ನನಗೆ ಉತ್ತರ ಗೊತ್ತಿದ್ದಿತು. ಅದು ಗೊತ್ತಿದೆಯೆಂಬುದು ಆ ಕ್ಷಣದವರೆಗೆ ಗೊತ್ತಿರಲಿಲ್ಲ. ನಾನು ಕಚೇರಿಗೆ ಹೊರಡುವಾಗ ಅಡಿಗೆಯ ಮನೆಯ ಮೂಲೆಯಲ್ಲಿ ನಿಂತು, ಬಟ್ಟಲಿನಲ್ಲಿ ಮಜ್ಜಿಗೆ ಕಲಸಿದ ಅನ್ನ, ಅಂಚಿನಲ್ಲಿ ಒಂದು ಹೋಳು ಉಪ್ಪಿನಕಾಯಿ. ನಲವತ್ತು ವರ್ಷ ಆ ಚಿತ್ರ ನನ್ನ ಕಣ್ಣ ಮುಂದೆ ಇದ್ದಿತು; ನಾನು ನೋಡಿರಲಿಲ್ಲ. "ನಿಮ್ಮ ಅಜ್ಜಿ," ಎಂದೆನು. ಹುಡುಗಿ ಅದನ್ನು ಜಪಾನೀ ಮಾತಿಗೆ ತಿರುಗಿಸಿತು. ವೃದ್ಧೆ ತಲೆಯಾಡಿಸಿ ನನ್ನ ತಟ್ಟೆಗೆ ಇನ್ನಷ್ಟು ಬಡಿಸಿದಳು.

ಈಗ ಮೈಸೂರಿಗೆ ಹಿಂದಿರುಗಿ ನಾನೊಬ್ಬನೇ ಇದ್ದೇನೆ. ರಾತ್ರಿ ಬೇಕೆಂದೇ ಒಂದು ಹಿಡಿ ಅಕ್ಕಿ ಹೆಚ್ಚಾಗಿ ಹಾಕುತ್ತೇನೆ. ನಮ್ಮ ಸೋನಾ ಮಸೂರಿ ಅಷ್ಟಾಗಿ ಅಂಟುವುದಿಲ್ಲವಾದುದರಿಂದ ಕೆಲಸ ಇನ್ನೂ ಹಗುರ. ಒಂದು ಎಚ್ಚರಿಕೆ ಮಾತ್ರ ಹೇಳಬೇಕು: ಉಳಿದ ಅನ್ನವನ್ನು ರಾತ್ರಿಯೆಲ್ಲ ಹೊರಗೆ ಬಿಡದೆ, ಅಗಲವಾದ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ ತಂಗಳ ಪೆಟ್ಟಿಗೆಯಲ್ಲಿ ಇಡಬೇಕು. ಹೊರಗಿಟ್ಟ ಅನ್ನದಲ್ಲಿ ಬೆಳೆಯುವ ಒಂದು ಬಗೆಯ ಕ್ರಿಮಿಯ ವಿಷ ಹುರಿದರೂ ಹೋಗುವುದಿಲ್ಲ.

ಕಳೆದ ಬೇಸಗೆಯಲ್ಲಿ ಮಗನ ಸಂಸಾರ ಬಂದಿದ್ದಿತು. ಬೆಳಿಗ್ಗೆ ಅವರಿಗೆಲ್ಲ ಬಿಸಿ ಅನ್ನ, ಸಾರು ಬಡಿಸಿ, ನಿನ್ನೆಯದನ್ನು ನನಗಾಗಿ ಹುರಿದುಕೊಂಡು ಅಡಿಗೆಯ ಮನೆಯ ಮೂಲೆಯಲ್ಲಿ ನಿಂತೆನು. ಸೊಸೆ ಒಳಗೆ ಬಂದು ನೋಡಿ ಏನೂ ಹೇಳದೆ ತನ್ನ ತಟ್ಟೆಯನ್ನು ಚಾಚಿದಳು. ಹಿಂದೆಯೇ ಮೊಮ್ಮಗಳು, ಅವಳ ಹಿಂದೆ ಮಗ. ಹಂಚಿದ ಮೇಲೆ ನನ್ನ ಪಾಲಿಗೆ ಮೂರು ಚಮಚೆ ಉಳಿಯಿತು. ಆ ದಿನ ನಾನು ಬಿಸಿ ಅನ್ನವನ್ನೇ ಉಣ್ಣಬೇಕಾಯಿತು.